‘ಸಂಸಾರ’ ಅಂತ ಬರೀರಿ ಅಂದಿದ್ದರು

ಮೃತ್ಯುಪತ್ರ ಬರೆಸಲು ಬಂದವರ ಜೊತೆಗೆ ಆಸ್ತಿ ಪಡೆಯುವವರೂ ಬಂದಿದ್ದರೆ ಮೊದಲು ಅವರನ್ನು ಎಬ್ಬಿಸಿ ದೂರ ಕಳಿಸಬೇಕು. ದಸ್ತಾವೇಜು ಬರೆದುಕೊಡುವ ಈ ಕೆಲಸದಲ್ಲಿ ನನ್ನ ತಂದೆ ನನಗೆ ಕಲಿಸಿದ ಮೊದಲ ಪಾಠ ಅದು. ನಾಳೆ ಕೋರ್ಟಿನಲ್ಲಿ ಜಗಳ ಹತ್ತಿದರೆ, ಬರೆಸುವಾಗ ಪಕ್ಕದಲ್ಲೇ ಕೂತು ಹೇಳಿಕೊಟ್ಟರು ಎಂದು ಎದುರಿನ ವಕೀಲ ಬಾಯಿ ತೆರೆಯಬಾರದು, ಅದಕ್ಕೆ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ದಿನ ಹುಕ್ಕೇರಿ ತಾಲ್ಲೂಕು ಕಚೇರಿಯ ಆವಾರದಲ್ಲಿದ್ದ ನನ್ನ ಬಾಕಿನ ಮೇಲೆ ಇಬ್ಬರು ಹೆಂಗಸರು ಬಂದು ಕೂತರು. ಬರೆಸುವವರು ಯಾರು, ಯಾರ ಹೆಸರಿಗೆ ಬರೆಸುವುದು ಎಂದು ಕೇಳಿಕೊಂಡು, ಎರಡನೆಯವಳನ್ನು ಗೇಟಿನಾಚೆ ಚಹಾದಂಗಡಿಗೆ ಕಳಿಸಿದೆ. ಆಕೆ ಹೋಗುವ ಮುಂಚೆ ತನ್ನ ಕೊಡೆಯನ್ನು ಬಿಚ್ಚಿ ಕೂತವರ ತಲೆಗೆ ನೆರಳಾಗುವಂತೆ ಬಾಕಿನ ಬೆನ್ನಿಗೆ ಸಿಕ್ಕಿಸಿ, ತಾನು ಬಿಸಿಲಿನಲ್ಲಿ ನಡೆದು ಹೋದಳು.

ಬರೆಸಲು ಬಂದವರು ಆಗತಾನೇ ನಿವೃತ್ತಿಯಾಗಿದ್ದ ಒಬ್ಬ ನರ್ಸಬಾಯಿ. ಸಂಕೇಶ್ವರದ ಜೈನ ವ್ಯಾಪಾರಿ ಮನೆತನದವರು, ಮದುವೆ ಮಾಡಿಕೊಂಡವರಲ್ಲ. ಚಹಾದಂಗಡಿಗೆ ಹೋದವಳು ಗೋಕಾಕ ತಾಲ್ಲೂಕಿನ ಮೇಲವಂಕಿಯ ಲಿಂಗಾಯತ ಒಕ್ಕಲು ಮನೆಯ ಮಗಳು. ಸಣ್ಣ ವಯಸ್ಸಿನಲ್ಲಿ ಮದುವೆಯಾಗಿ, ವರ್ಷ ತುಂಬುವುದರೊಳಗೆ ಪಂಚರ ಎದುರು ಸೋಡಚೀಟಿ ಬರೆಸಿಕೊಂಡು ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಳು. ಅದೇ ಊರಿಗೆ ನರ್ಸಬಾಯಿ ಹೊಸದಾಗಿ ನೌಕರಿಗೆ ಬಂದಿದ್ದರು. ಅಲ್ಲಿಂದ ಮೂಡಲಗಿಗೆ ವರ್ಗವಾದಾಗ ಹೊಲಿಗೆ ಮಷಿನ್ ಹೊತ್ತುಕೊಂಡು ಈಕೆಯೂ ಹೋದಳು, ಮೂಡಲಗಿಯಿಂದ ಯಮಕನಮರಡಿಗೂ ಬಂದಳು. ಯಮಕನಮರಡಿಯಲ್ಲಿ ಇಬ್ಬರೂ ಸೇರಿ ಮನೆ ಕಟ್ಟಿಸಿದರು. ಜಾಗ ನರ್ಸಬಾಯಿಯ ಹೆಸರಿಗಿತ್ತು, ಮೇಲಿನ ಸ್ಲ್ಯಾಬು ಹೊಲಿಗೆಯ ದುಡಿಮೆಯಿಂದ ಬಿದ್ದಿತ್ತು. ಊರವರು ಈಕೆಯನ್ನು ಹೊಲಿಗೆಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ನರ್ಸಬಾಯಿಯ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ತಮ್ಮ ರೋಗದ ಬಗ್ಗೆ ಬೇರೆಯವರ ರೋಗದ ಬಗ್ಗೆ ಹೇಳುವ ಹಾಗೆಯೇ ಹೇಳಿದರು: ಇನ್ನೊಂದು ವರ್ಷ, ಹೆಚ್ಚಂದರೆ ಎರಡು. ಮಿರಜಿನಲ್ಲಿ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಹೊಲಿಗೆಬಾಯಿ ಸಹಿ ಮಾಡಲು ಹೋದರೆ, ನೀವು ಇವರಿಗೆ ಏನಾಗಬೇಕು ಎಂದು ಕೇಳಿ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರಂತೆ. ಕೊನೆಗೆ ವರ್ಷಕ್ಕೊಮ್ಮೆ ಮುಖ ತೋರಿಸುವ ಅಣ್ಣನ ಮಗನನ್ನು ಸಂಕೇಶ್ವರದಿಂದ ಕರೆಸಿ ಸಹಿ ಹಾಕಿಸಬೇಕಾಯಿತು. ಅಲ್ಲಿಯವರೆಗೆ ಕಾಗದಪತ್ರದ ಯೋಚನೆಯನ್ನೇ ಮಾಡದ ಇವರಿಗೆ ಅವತ್ತು ದಿಗಿಲು ಬಿದ್ದಿತು. ತಾವು ಕಣ್ಣು ಮುಚ್ಚಿದರೆ ಮನೆ ಯಾರದಾಗುತ್ತದೆ ಎಂದು ನನ್ನನ್ನು ಕೇಳಿದರು.

ಕಾಯ್ದೆ ನನಗೆ ಬಾಯಿಪಾಠ. ಮದುವೆಯಿಲ್ಲದ, ಮಕ್ಕಳಿಲ್ಲದ, ತಂದೆತಾಯಿ ಇಲ್ಲದ ಹೆಣ್ಣುಮಗಳ ಆಸ್ತಿ ಅವಳ ತಂದೆಯ ವಾರಸುದಾರರಿಗೆ ಹೋಗುತ್ತದೆ. ಅಂದರೆ, ಅಣ್ಣ ಮೊದಲೇ ತೀರಿಕೊಂಡಿದ್ದರಿಂದ, ಆ ಅಣ್ಣನ ಮಗನಿಗೆ. ಇಪ್ಪತ್ತಾರು ವರ್ಷ ಒಂದೇ ಒಲೆಯ ಮೇಲೆ ಬೇಯಿಸಿ ಉಂಡವಳಿಗೆ ಆ ಕಲಮಿನಲ್ಲಿ ಜಾಗವೇ ಇಲ್ಲ. ಈಗ ಇಂಥ ಜೋಡಿಗಳ ಬಗ್ಗೆ ಪೇಪರಿನಲ್ಲಿ ಬರುತ್ತದೆ, ನಮಗೂ ಮದುವೆಯ ಹಕ್ಕು ಕೊಡಿ ಎಂದು ದೊಡ್ಡ ಕೋರ್ಟಿನ ಮೆಟ್ಟಿಲು ಹತ್ತಿದವರಿದ್ದಾರೆ. ಆಗ ನಮ್ಮ ಹುಕ್ಕೇರಿಯಲ್ಲಿ ಅದಕ್ಕೊಂದು ಮರ್ಯಾದೆಯ ಶಬ್ದವೂ ಇರಲಿಲ್ಲ, ಇದ್ದವೆಲ್ಲ ಚಹಾದಂಗಡಿಯ ಶಬ್ದಗಳು. ಮೃತ್ಯುಪತ್ರವೊಂದೇ ದಾರಿ ಎಂದೆ. ಅದಕ್ಕೆ ಬಾಂಡ್ ಬೇಕಿಲ್ಲ, ಬಿಳಿ ಹಾಳೆಯೂ ನಡೆಯುತ್ತದೆ, ಇಬ್ಬರು ಸಾಕ್ಷಿಗಳು ಕಣ್ಣೆದುರು ಸಹಿ ಮಾಡಿದರಾಯಿತು. ಆದರೆ ಬಿಳಿ ಹಾಳೆಯನ್ನು ಜನ ನಂಬುವುದಿಲ್ಲ, ಅದಕ್ಕೇ ನಾನು ಹಸಿರು ಲೆಜರ್ ಕಾಗದ ಇಟ್ಟಿರುತ್ತಿದ್ದೆ.

ಹೆಸರು, ವಯಸ್ಸು, ಮನೆಯ ನಂಬರು, ಚತುಃಸೀಮೆ ಎಲ್ಲ ಬರೆದುಕೊಂಡೆ. ಆಮೇಲೆ ಮುಖ್ಯವಾದದ್ದಕ್ಕೆ ಬಂದೆ. ಸ್ವಂತ ರಕ್ತದವರನ್ನು ಬಿಟ್ಟು ಹೊರಗಿನವರಿಗೆ ಕೊಡುವಾಗ ಯಾಕೆ ಕೊಡುತ್ತಿದ್ದೇನೆ ಎಂಬುದನ್ನು ಬರೆಯದಿದ್ದರೆ ಕೋರ್ಟು ಸಂಶಯ ಪಡುತ್ತದೆ. ಈಕೆ ನಿಮಗೆ ಏನಾಗಬೇಕು ಅಂತ ಬರೆಯಲಿ ಎಂದು ಕೇಳಿದೆ.

“ಸಂಸಾರ ಮಾಡೇವಿ ಅಂತ ಬರೀರಿ,” ಎಂದರು ನರ್ಸಬಾಯಿ. “ಇಪ್ಪತ್ತಾರು ವರ್ಷ ನಾವಿಬ್ರೂ ಸಂಸಾರ ಮಾಡೇವಿ.”

ನನ್ನ ಪೆನ್ನು ನಿಂತಿತು. ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದು ಯಾರಾದರೂ ಅಂದುಕೊಂಡಾರು. ಅರ್ಥವಾಗಿತ್ತು. ಅರ್ಥವಾಗಿದ್ದಕ್ಕೇ ಕಿವಿ ಬಿಸಿಯಾಯಿತು. ಬಾಜೂ ಬಾಕಿನ ಬರಹಗಾರ ಕೇಳಿಸಿಕೊಂಡನೇನೋ ಎಂದು ತಿರುಗಿ ನೋಡಿದೆ. ಅಕ್ಕತಂಗಿಯರ ಹಾಗೆ ಇದ್ದೇವೆ ಎಂದು ಬರೆಯಲೇ ಎಂದು ಕೇಳಿದೆ. ಆಕೆ ನನ್ನ ತಂಗಿಯಲ್ಲ ಎಂದರು. ಹಾಗಾದರೆ ಗೆಳತಿ ಎನ್ನೋಣ ಎಂದೆ.

“ಗೆಳತ್ಯಾರು ಸಂಜಿಗೆ ತಮ್ಮ ತಮ್ಮ ಮನಿಗೆ ಹೋಗ್ತಾರ್ರಿ,” ಎಂದರು.

ಆಗ ನಾನೊಂದು ಸುಳ್ಳು ಹೇಳಿದೆ. ಸಂಸಾರ ಎಂದು ಬರೆದರೆ ಸಬ್ ರಿಜಿಸ್ಟ್ರಾರ್ ಸಾಹೇಬರು ಕಾಗದ ವಾಪಸು ಒಗೆಯುತ್ತಾರೆ, ನೋಂದಣಿ ಮಾಡುವುದಿಲ್ಲ ಎಂದೆ. ಅಂಥ ನಿಯಮ ಎಲ್ಲಿಯೂ ಇಲ್ಲ. ಬರೆಸುವವರಿಗೆ ಬುದ್ಧಿ ಸ್ಥಿಮಿತದಲ್ಲಿದೆಯೇ, ಸಹಿ ಅವರದೇ ಹೌದೇ ಎಂಬುದಷ್ಟೇ ಅವರು ನೋಡಬೇಕಾದ್ದು. ಕಾಗದವನ್ನು ಒಳಗೆ ಕೊಟ್ಟಾಗ ಅಲ್ಲಿಯ ಕಾರಕೂನರು ಗಟ್ಟಿಯಾಗಿ ಓದಿ ನಗುತ್ತಾರೆ, ಆಮೇಲೆ ಇಡೀ ಆವಾರ ನನ್ನ ಹೆಸರು ಹಿಡಿದು ನಗುತ್ತದೆ ಎಂಬುದೇ ನನ್ನ ಅಂಜಿಕೆ. ಸಾಯಲಿರುವ ಹೆಂಗಸಿನ ಎದುರು ಕೂತು ನಾನು ನನ್ನ ಮರ್ಯಾದೆಯ ಲೆಕ್ಕ ಹಾಕುತ್ತಿದ್ದೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ತಂದೆಯ ಕಾಲದ ಒಂದು ಸಾಲನ್ನು ಎತ್ತಿಕೊಂಡೆ: ‘ಸದರಿಯವಳು ಇಪ್ಪತ್ತಾರು ವರ್ಷಗಳಿಂದ ನನ್ನ ಮನೆಯಲ್ಲಿದ್ದು ನನ್ನ ಸೇವಾ ಚಾಕರಿ ಮಾಡಿಕೊಂಡು ಬಂದಿರುವ ಕಾರಣ.’ ನಮ್ಮ ಕಡೆಯ ಯಾವ ಮೃತ್ಯುಪತ್ರ ತೆಗೆದು ನೋಡಿದರೂ ಈ ಸಾಲು ಸಿಗುತ್ತದೆ. ಮುದುಕ ತಂದೆಯ ಸೇವಾ ಚಾಕರಿ ಮಗ ಮಾಡುತ್ತಾನೆ, ಅತ್ತೆಯದು ಸೊಸೆ ಮಾಡುತ್ತಾಳೆ. ಮಗ, ಸೊಸೆ ಎಂಬ ಶಬ್ದ ಜೊತೆಗಿದ್ದಾಗ ಅದು ಒಳ್ಳೆಯ ಮಾತು, ಪುಣ್ಯದ ಮಾತು. ಜೊತೆಗೆ ಯಾವ ಸಂಬಂಧವೂ ಇಲ್ಲದೆ ಅದೊಂದೇ ನಿಂತರೆ ಆಳು ಎಂದೇ ಅರ್ಥ. ನೂರಾರು ಸಲ ಆ ಸಾಲು ಬರೆದವನಿಗೆ ಅಷ್ಟು ತಿಳಿಯಲಿಲ್ಲವೇ ಎಂದು ಕೇಳಿದರೆ, ಕೈ ರೂಢಿಯಲ್ಲಿ ಓಡಿತು ಎನ್ನಬಹುದು. ಪೂರ್ತಿ ಖರೆ ಅಲ್ಲ.

ನರ್ಸಬಾಯಿ ಚಷ್ಮಾ ಹಾಕಿಕೊಂಡು ಓದಿದರು. ಆ ಸಾಲಿಗೆ ಬಂದು ನಿಂತರು. ಚಾಕರಿ ಮಾಡಿದ್ದು ತಾನು, ಅದೂ ಸರ್ಕಾರದ್ದು, ಆಕೆ ಯಾರ ಚಾಕರಿಯನ್ನೂ ಮಾಡಿದವಳಲ್ಲ ಎಂದರು. ಇದು ಕಾಗದದ ಭಾಷೆ, ಹೀಗೇ ಬರೆಯುವ ಪದ್ಧತಿ, ಮನೆ ಆಕೆಗೆ ಸಿಗುವುದು ಮುಖ್ಯವೋ ಶಬ್ದ ಮುಖ್ಯವೋ ಎಂದು ನಾನೇ ಜಬರಿಸಿದೆ. ಅಷ್ಟು ಹೊತ್ತಿಗೆ ಅವರು ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಕಚೇರಿ ಮುಚ್ಚುವ ಹೊತ್ತು ಬೇರೆ. ಹಾಗಾದರೆ ಆಕೆಗೆ ಮಾತ್ರ ಇದನ್ನು ಓದಿ ಹೇಳಬೇಡಿ ಎಂದು ಹೇಳಿ ಸಹಿ ಮಾಡಿದರು. ಹಿಟ್ಟಿನ ಗಿರಣಿಯವನೊಬ್ಬ, ನಿವೃತ್ತ ಮಾಸ್ತರರೊಬ್ಬರು ಸಾಕ್ಷಿ ಹಾಕಿದರು. ಕೆಳಗೆ ‘ಬರೆದವರು’ ಎಂದು ನನ್ನ ಸಹಿ ಬಿತ್ತು. ಒಳಗೆ ಹತ್ತು ನಿಮಿಷದಲ್ಲಿ ನೋಂದಣಿ ಮುಗಿಯಿತು. ಯಾರೂ ಏನೂ ಓದಲಿಲ್ಲ. ಸಂಸಾರ ಎಂದು ಬರೆದಿದ್ದರೂ ಯಾರೂ ಓದುತ್ತಿರಲಿಲ್ಲ.

ನರ್ಸಬಾಯಿ ಒಂದೂವರೆ ವರ್ಷ ಬದುಕಿದರು. ತೀರಿಕೊಂಡ ದಿನ ಸಂಕೇಶ್ವರದಿಂದ ಬಂದ ಅಣ್ಣನ ಮಗನೇ ಕ್ರಿಯೆಕರ್ಮ ಮಾಡಿದ. ಹೊಲಿಗೆಬಾಯಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳಂತೆ. ಹದಿಮೂರು ದಿನ ಮುಗಿದ ಮೇಲೆ ಅವನು ಮುಂದಿನ ಎರಡು ಕೋಣೆಗಳಿಗೆ ಕೀಲಿ ಹಾಕಿ, ಹೊಲಿಗೆ ಮಷಿನ್ನನ್ನು ಹಿತ್ತಲ ಪತ್ರಾಸಿನ ತಗಡಿನ ಕೆಳಗೆ ಇಡಿಸಿದ. ಕೆಟ್ಟ ಮನುಷ್ಯನೇನಲ್ಲ. ಕಬ್ಬು ಬೆಳೆಯುವ, ಮರಾಠಿ-ಕನ್ನಡ ಎರಡೂ ಬೆರೆಸಿ ಮೆತ್ತಗೆ ಮಾತಾಡುವ ಗೃಹಸ್ಥ. ಅತ್ತೆಯ ಆಸ್ತಿ ತನಗೆ ಬರಬೇಕಾದ್ದು ಎಂದು ಅವನು ನಿಜವಾಗಿಯೂ ನಂಬಿದ್ದ, ಕಾಯ್ದೆಯೂ ಅವನನ್ನು ಹಾಗೇ ನಂಬಿಸಿತ್ತು.

ಹೊಲಿಗೆಬಾಯಿ ಮೃತ್ಯುಪತ್ರ ಹಿಡಿದುಕೊಂಡು ನನ್ನ ಬಾಕಿಗೆ ಬಂದಳು. ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಬೆರಳಿಟ್ಟು ಓದುತ್ತ ಓದುತ್ತ ಆ ಸಾಲಿನ ಮೇಲೆ ಬೆರಳು ನಿಂತಿತು. ನಾನು ಅವಸರವಾಗಿ, ಅದು ಕಾಗದದ ಭಾಷೆ ಅಕ್ಕಾರ, ಎಲ್ಲರಿಗೂ ಹಾಗೇ ಬರೆಯುತ್ತೇವೆ ಎಂದೆ. ಆಕೆ ತಲೆಯಾಡಿಸಿದಳು. ಹೌದೇಳ್ರಿ, ಆಕಿ ಹಂಗ ಅನ್ನಾಕಿ ಅಲ್ಲ ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. ಆಕಿ ಏನಂದಿದ್ದಳು ಎಂದು ಅವತ್ತು ಕೇಳಲಿಲ್ಲ. ನಾನೂ ಹೇಳಲಿಲ್ಲ. ನೋಂದಣಿಯಾದ ಕಾಗದ ಐತಿ, ಅಂಜಬೇಡಿ ಎಂದು ಧೈರ್ಯ ಹೇಳಿ, ಮನೆಗೆ ಆಕೆಯ ಹೆಸರು ಹಚ್ಚಲು ಅರ್ಜಿ ಬರೆದುಕೊಟ್ಟೆ.

ಅಣ್ಣನ ಮಗ ತಕರಾರು ಕೊಟ್ಟ, ಆಮೇಲೆ ಹುಕ್ಕೇರಿ ಕೋರ್ಟಿನಲ್ಲಿ ದಾವೆ ಹೂಡಿದ. ತಾನೇ ವಾರಸುದಾರ, ಮನೆಯ ಕಬ್ಜಾ ಕೊಡಿಸಬೇಕು, ಮೃತ್ಯುಪತ್ರ ಕಾಯಿಲೆಯವಳನ್ನು ಪುಸಲಾಯಿಸಿ ಬರೆಸಿದ್ದು, ಹಾಗೂ ಪ್ರತಿವಾದಿ ಮನೆಗೆಲಸದವಳು. ಆ ಕೊನೆಯ ಮಾತಿಗೆ ಆಧಾರವೆಂದು ಅವನ ವಕೀಲ ನನ್ನ ಸಾಲನ್ನೇ ಎತ್ತಿ ಬರೆದಿದ್ದ. ಆಳು ಎಷ್ಟು ವರ್ಷ ಮನೆಯಲ್ಲಿದ್ದರೂ ಕಬ್ಜಾ ಯಜಮಾನನದೇ ಎಂಬುದು ಕಾಯ್ದೆ. ಅಂದರೆ ಮೃತ್ಯುಪತ್ರ ಬಿದ್ದುಹೋದರೆ ಹೊಲಿಗೆಬಾಯಿಗೆ ಹಿತ್ತಲ ಪತ್ರಾಸಿನ ಕೆಳಗೂ ಜಾಗವಿರಲಿಲ್ಲ.

ತಾರೀಖಿನ ಮೇಲೆ ತಾರೀಖು ಬಿದ್ದು ಮೂರು ವರ್ಷ ಕಳೆದವು. ಸಾಕ್ಷಿ ಹಾಕಿದ ಮಾಸ್ತರರು ಅಷ್ಟರಲ್ಲಿ ತೀರಿಕೊಂಡಿದ್ದರು. ಗಿರಣಿಯವನು ಬಂದು, ಸಹಿ ತನ್ನದೇ, ನರ್ಸಬಾಯಿ ತನ್ನೆದುರೇ ಸಹಿ ಮಾಡಿದ್ದು ಖರೆ, ಒಳಗೇನು ಬರೆದಿದೆಯೋ ಗೊತ್ತಿಲ್ಲ ಎಂದ. ಕಾಯ್ದೆಗೆ ಅಷ್ಟು ಸಾಕು. ಆದರೆ ಒಳಗಿನ ಮಾತು ನರ್ಸಬಾಯಿಯದೇ ಎಂದು ಹೇಳಲು ಉಳಿದವನು ನಾನೊಬ್ಬ. ನನಗಿಂತ ಮುಂಚೆ ಹೊಲಿಗೆಬಾಯಿಯ ಸಾಕ್ಷಿ ಆಯಿತು. ಮುಂದೆ ಸಾಕ್ಷಿ ಹೇಳಬೇಕಾದವರು ಒಳಗೆ ಇರಬಾರದೆಂದು ನಿಯಮ. ಆದರೆ ಹುಕ್ಕೇರಿ ಕೋರ್ಟಿನ ಕಿಟಕಿಗಳಿಗೆ ಆ ನಿಯಮ ಗೊತ್ತಿರಲಿಲ್ಲ, ನಾನು ವರಾಂಡದಲ್ಲಿ ನಿಂತು ಎಲ್ಲ ಕೇಳಿದೆ.

ಎದುರಿನ ವಕೀಲ ಪಾಟೀ ಸವಾಲಿನಲ್ಲಿ, ನೀನು ಆ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದೆಯಲ್ಲವೇ ಎಂದ. ಮಾಡತಿದ್ದೆ ಎಂದಳು. ಬಟ್ಟೆ ಒಗೆಯುತ್ತಿದ್ದೆ? ಒಗೀತಿದ್ದೆ. ಕಾಯಿಲೆಯಲ್ಲಿ ಆರೈಕೆ ಮಾಡಿದೆ? ಮಾಡೀನ್ರಿ. ಅಂದಮೇಲೆ ಈ ಕಾಗದದಲ್ಲಿರುವಂತೆ ನೀನು ಚಾಕರಿಯವಳು, ಹೌದಲ್ಲ?

“ಚಾಕರಿ ಅಲ್ರಿ ಸಾಹೇಬ್ರ,” ಎಂದಳು. ವಕೀಲನಿಗಲ್ಲ, ಜಡ್ಜ್ ಸಾಹೇಬರಿಗೆ. “ನಾವು ಸಂಸಾರ ಮಾಡೇವ್ರಿ.”

ಹಿಂದಿನ ಬಾಕುಗಳಲ್ಲಿ ಯಾರೋ ಕಿಸಕ್ಕೆಂದರು. ಆಕೆಯ ಕಡೆಯ ವಕೀಲ ತಲೆ ತಗ್ಗಿಸಿ ಕಡತ ತಿರುವಿದ. ಜಡ್ಜ್ ಸಾಹೇಬರು ಟೈಪಿಸ್ಟಿಗೆ, ಮೃತಳ ಜೊತೆ ವಾಸವಾಗಿದ್ದೆ ಎಂದು ಬರೆಸಿದರು. ಆಕೆ ಬಿಡಲಿಲ್ಲ, ವಾಸ ಅಲ್ಲ, ಸಂಸಾರ ಎಂದು ಮತ್ತೊಮ್ಮೆ ಹೇಳಿ ಅದನ್ನು ಹಾಗೇ ಬರೆಸಿದಳು. ಐದು ವರ್ಷದ ಹಿಂದೆ ನರ್ಸಬಾಯಿ ನನ್ನೆದುರು ಆಡಿದ್ದ ಅದೇ ಶಬ್ದ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಟ್ಟದ್ದಲ್ಲ, ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಹೇಳಿದ್ದು. ಅದು ಗೊತ್ತಿದ್ದವನು ಭೂಮಿಯ ಮೇಲೆ ನಾನೊಬ್ಬನೇ, ಕಿಟಕಿಯ ಹೊರಗೆ.

ಎದುರಿನ ವಕೀಲ ಹಿಗ್ಗಿಬಿಟ್ಟ. ಸಂಸಾರವಾಗಿದ್ದರೆ ಸತ್ತವಳು ಕಾಗದದಲ್ಲಿ ಚಾಕರಿ ಎಂದು ಯಾಕೆ ಬರೆಸಿದಳು? ಚಾಕರಿ ಎಂಬುದು ಅವಳ ಮಾತಲ್ಲವಾದರೆ ಈ ಮೃತ್ಯುಪತ್ರವೂ ಅವಳದಲ್ಲ, ಬರಹಗಾರ ತನಗೆ ಬೇಕಾದ್ದು ಬರೆದಿದ್ದಾನೆ. ಮುಂದಿನ ತಾರೀಖು ನನಗೆ ಬಿತ್ತು.

ಆ ಒಂದು ತಿಂಗಳು ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಹೊಲಿಗೆಬಾಯಿಯ ವಕೀಲ ನನ್ನನ್ನು ಕರೆಸಿ, ಒಳಗಿನ ಪ್ರತಿ ಶಬ್ದವೂ ಸತ್ತವಳೇ ಹೇಳಿ ಬರೆಸಿದ್ದು ಎಂದುಬಿಡು, ಒಂದು ಶಬ್ದ ನಿನ್ನದು ಎಂದರೂ ಕಾಗದ ಬಿದ್ದುಹೋಗುತ್ತದೆ ಎಂದ. ಯುವಕ, ಅವನಿಗೂ ಕೇಸು ಗೆಲ್ಲಬೇಕಿತ್ತು. ಮನೆಯಲ್ಲಿ ನನ್ನ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಹೇಳಬೇಕಾದಾಕೆಯೇ ಹತ್ತು ಮಂದಿಯಲ್ಲಿ ಹೇಳಿಬಿಟ್ಟಳಲ್ಲ, ಇನ್ನು ನೀವು ಯಾಕೆ ಅಂಜುತ್ತೀರಿ ಎಂದಳು. ಯಮಕನಮರಡಿ ಬಸ್ಸು ಹತ್ತಿದರೆ ಅರ್ಧ ತಾಸು. ಹೋಗಿ, ಅಕ್ಕಾರ, ಖರೆ ಹೇಳಿದರೆ ಮನೆ ಹೋದೀತು, ಹೇಳಲೋ ಬೇಡವೋ ಎಂದು ಒಂದು ಮಾತು ಕೇಳಬಹುದಿತ್ತು. ಆ ತಿಂಗಳಲ್ಲಿ ಸಂಕೇಶ್ವರದ ಸಂತೆಗೆ ಎರಡು ಸಲ ಹೋದೆ, ಯಮಕನಮರಡಿಗೆ ಹೋಗಲಿಲ್ಲ. ಕೇಳಿದರೆ ಆಕೆ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು.

ಸಾಕ್ಷಿಕಟ್ಟೆ ಹತ್ತಿ ದೇವರ ಆಣೆ ಮಾಡಿದೆ. ಹೊಲಿಗೆಬಾಯಿ ಎದುರಿಗೇ, ತನ್ನ ವಕೀಲನ ಹಿಂದಿನ ಬಾಕಿನಲ್ಲಿ ಕೂತಿದ್ದಳು. ಕಾಗದ ತೋರಿಸಿದರು, ಅಕ್ಷರ ನನ್ನದು ಎಂದೆ. ಬರೆಸುವಾಗ ಪ್ರತಿವಾದಿ ಅಲ್ಲಿದ್ದಳೇ ಎಂದರು, ಇರಲಿಲ್ಲ, ಪದ್ಧತಿಯಂತೆ ಹೊರಗೆ ಕಳಿಸಿದ್ದೆ ಎಂದೆ. ಎದುರಿನ ವಕೀಲ ಎದ್ದು ಸುತ್ತಿ ಬಳಸಿ ಅಲ್ಲಿಗೇ ಬಂದ. ಸೇವಾ ಚಾಕರಿ ಎಂಬ ಶಬ್ದ ಯಾರದು, ನಿನ್ನದೋ ಸತ್ತವಳದೋ? ನಾನು ಒಂದು ಸಲ ನೀರು ಕುಡಿಯಲು ಕೇಳಿದೆ. ಪಟ್ಟೇವಾಲಾ ಲೋಟ ತಂದುಕೊಟ್ಟ.

“ಅವರದ ಶಬ್ದ ರಿ,” ಎಂದೆ. “ಅವರ ಬಾಯಿಂದ ಬಂದದ್ದನ್ನ ನಾ ಬರದೀನಿ.”

ಹಾಗಾದರೆ ಸಂಸಾರ ಎಂದು ಪ್ರತಿವಾದಿ ಹೇಳಿದ್ದು ಸುಳ್ಳೇ ಎಂದು ಕೇಳಿದ. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ನರ್ಸಬಾಯಿ ಅಂಥ ಮಾತೇನೂ ಹೇಳಲಿಲ್ಲ ಎಂದೆ. ಬೇಡವಾಗಿತ್ತು, ಒಮ್ಮೆ ಸುಳ್ಳಿನ ಮೇಲೆ ಕೂತ ಮೇಲೆ ಭದ್ರವಾಗಿ ಕೂತುಬಿಡೋಣ ಎಂದು ಹೇಳಿದ ಹೆಚ್ಚಿನ ಮಾತು ಅದು. ಹೊಲಿಗೆಬಾಯಿಯ ಮುಖ ನೋಡಬಾರದು ಎಂದುಕೊಂಡು ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ. ಟೈಪ್ ಮಷಿನ್ನಿನಲ್ಲಿ ಮೇಲೇರುತ್ತಿದ್ದ ಕಾಗದವನ್ನು ನೋಡುತ್ತಿದ್ದಳು.

ಆಕೆಯ ಮನೆ ಉಳಿಸಲು ಹೇಳಿದೆ ಎಂದು ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಇನ್ನರ್ಧ, ನಾನು ಬರೆದ ಕಾಗದ ಅಲ್ಲಿಯವರೆಗೆ ಯಾವ ಕೋರ್ಟಿನಲ್ಲೂ ಬಿದ್ದಿರಲಿಲ್ಲ. ಆ ಜಂಬ ನನ್ನದೂ ಹೌದು, ನನ್ನ ತಂದೆಯದೂ ಹೌದು.

ನಾಲ್ಕು ತಿಂಗಳಿಗೆ ತೀರ್ಪು ಬಂತು. ದಾವೆ ವಜಾ ಆಯಿತು, ಮೃತ್ಯುಪತ್ರ ನಿಂತಿತು, ಮನೆ ಹೊಲಿಗೆಬಾಯಿಯದಾಯಿತು. ಆವಾರದವರೆಲ್ಲ ನನ್ನ ಬೆನ್ನು ತಟ್ಟಿದರು, ಚಹಾ ಕೇಳಿದರು. ತೀರ್ಪಿನ ನಕಲು ತೆಗೆಸಿ ಓದಿದೆ. ತಾನು ಮೃತಳೊಂದಿಗೆ ಸಂಸಾರ ಮಾಡಿದ್ದಾಗಿ ಪ್ರತಿವಾದಿ ಹೇಳಿರುವುದನ್ನು ನಂಬಲಾಗುವುದಿಲ್ಲ, ಬರಹಗಾರನ ಸಾಕ್ಷ್ಯ ಸಹಜವೂ ನಂಬಲರ್ಹವೂ ಆಗಿದೆ, ಅದರಂತೆ ಪ್ರತಿವಾದಿ ದೀರ್ಘಕಾಲ ನಿಷ್ಠೆಯಿಂದ ದುಡಿದ ಮನೆಗೆಲಸದವಳು, ಅಂಥವಳಿಗೆ ಯಜಮಾನಿ ಮನೆ ಕೊಟ್ಟುಹೋಗುವುದು ಅಸಹಜವಲ್ಲ. ಆಕೆಯನ್ನು ಸುಳ್ಳುಗಾರ್ತಿ ಮಾಡಿ, ನನ್ನನ್ನು ಸತ್ಯವಂತನನ್ನಾಗಿ ಮಾಡಿ, ಆಕೆಗೆ ಮನೆ ಕೊಟ್ಟಿದ್ದರು.

ಅದರ ಮುಂದಿನ ವಾರ ಬೇರೆ ಕೆಲಸಕ್ಕೆ ಗೋಕಾಕಕ್ಕೆ ಹೋದಾಗ, ತಂದೆಯ ಕಾಲದಿಂದ ಪರಿಚಯವಿದ್ದ ಒಬ್ಬ ಹಿರಿಯ ವಕೀಲರ ಮನೆಯಲ್ಲಿ ಕೂತು ಇದನ್ನು ಹೇಳಿದೆ. ಯಾರದೋ ಕಥೆ ಎಂಬಂತೆ ಶುರು ಮಾಡಿದೆ, ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿಕೊಂಡೆ, ಅವರಿಗೆ ತಿಳಿದುಹೋಯಿತು. ಪೂರ್ತಿ ಕೇಳಿ, ‘ಅವರು ಸಂಸಾರ ಅಂದರು, ನಾನು ಕಾಗದದ ರೂಢಿಯಂತೆ ಚಾಕರಿ ಅಂತ ಬರೆದೆ, ಅವರು ಓದಿ ನೋಡಿ ಸಹಿ ಮಾಡಿದರು’, ಇಷ್ಟು ಹೇಳಿದ್ದರೆ ಸಾಕಿತ್ತಲ್ಲೋ ಎಂದರು. ಓದಿ ಸಹಿ ಮಾಡಿದ ಮೇಲೆ ಶಬ್ದ ಯಾರದಾದರೇನು, ಕಾಗದ ಬೀಳುತ್ತಿರಲಿಲ್ಲ ಎಂದರು. ನಾನು ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಸುಳ್ಳು ಹೇಳಿದ್ದಕ್ಕೆ ಒಂದು ಕಾರಣವಾದರೂ ಇತ್ತು ಎಂದು ಹಿಡಿದುಕೊಂಡಿದ್ದೆ, ಅದೂ ಹೋಯಿತು.

ತೀರ್ಪಿನ ಮೇಲೆ ಮನೆಯ ಉತಾರದಲ್ಲಿ ಹೆಸರು ಹಚ್ಚಲು ಇನ್ನೊಂದು ಅರ್ಜಿ ಬೇಕಿತ್ತು. ಹೊಲಿಗೆಬಾಯಿ ಒಬ್ಬಳೇ ಬಂದಳು. ನಾನು ಅರ್ಜಿ ಬರೆದೆ, ಆಕೆ ಸಹಿ ಮಾಡಿದಳು. ಕೀಲಿ ತೆಗೆಸಿದಿರಾ ಎಂದು ಕೇಳಿದೆ, ತೆಗೆಸಿದೆ ಎಂದಳು. ಎದ್ದು ಹೋಗಲಿಲ್ಲ. ಬಾಜೂ ಬಾಕಿನವನು ಊಟಕ್ಕೆ ಹೋಗುವವರೆಗೂ ಕೂತಿದ್ದಳು.

“ಆಕಿ ಖರೇನ ಹಂಗ ಬರಸಿದ್ಲೇನ್ರಿ ಅಣ್ಣಾರ?” ಎಂದು ಕೇಳಿದಳು. “ನಾ ಚಾಕರಿಯಾಕಿ ಅಂತ?”

ಆಗ ಎಲ್ಲ ಹೇಳಿದೆ. ಸಂಸಾರ ಎಂದು ಬರೆಯಿರಿ ಎಂದದ್ದು, ತಂಗಿಯಲ್ಲ ಎಂದದ್ದು, ಗೆಳತಿಯರು ಸಂಜೆಗೆ ಮನೆಗೆ ಹೋಗುತ್ತಾರೆ ಎಂದದ್ದು, ನಾನು ಹೇಳಿದ ಮೊದಲ ಸುಳ್ಳು, ಕಟ್ಟೆಯ ಮೇಲೆ ಹೇಳಿದ ಎರಡನೆಯದು. ಕೈಮುಗಿದು, ತಪ್ಪಾಯಿತು ಎಂದೆ. ಆಕೆಯ ಮುಖ ಹಗುರವಾಗುತ್ತದೆ ಎಂದು ಕಾದೆ. ಆಗಲಿಲ್ಲ.

“ಮೊದಲ ಓದಿದಾಗ ಕಾಗದದ ಭಾಷಾ ಅಂದ್ರಿ,” ಎಂದಳು. “ದೇವರಾಣಿ ಮಾಡಿ ಆಕೀದ ಶಬ್ದ ಅಂದ್ರಿ. ಇವತ್ತ ಇದನ್ನ ಹೇಳಾಕತ್ತೀರಿ. ನಾ ಯಾವುದನ್ನ ನಂಬ್ಲಿ?”

ನೀವೇ ಆ ಶಬ್ದ ಹೇಳಿದಿರಲ್ಲ, ಅದೇ ಶಬ್ದ ಅವರೂ ಹೇಳಿದರು ಎಂದೆ. ತಾನು ಕೋರ್ಟಿನಲ್ಲಿ ಹೇಳಿದ್ದನ್ನು ಕೇಳಿಕೊಂಡು ನಾನು ಈಗ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದಳು. ಸಿಟ್ಟಿನಿಂದಲ್ಲ. ಆಮೇಲೆ ತಡೆದು ತಡೆದು ಒಂದು ಮಾತು ಹೇಳಿದಳು. ಅಷ್ಟು ವರ್ಷ ಮನೆಯಲ್ಲಿ ಅವರಿಬ್ಬರೂ ಅದಕ್ಕೊಂದು ಹೆಸರು ಇಟ್ಟವರಲ್ಲ. ನರ್ಸಬಾಯಿ ಮಾತು ಕಡಿಮೆಯವರು. ಇಡುವ ಜರೂರೂ ಬಿದ್ದಿರಲಿಲ್ಲ. ಕೋರ್ಟಿನಲ್ಲಿ ತಾನು ಆ ಶಬ್ದ ಅಂದ ಮೇಲೆ, ಆಕೆ ಇದ್ದಿದ್ದರೆ ಒಪ್ಪುತ್ತಿದ್ದಳೋ ಇಲ್ಲವೋ ಎಂದು ದಿನಾ ಯೋಚನೆ ಬರುತ್ತದೆ ಎಂದಳು.

ನಾನು ಮೇಜಿನ ಖಾನೆಯಿಂದ ಬಾಂಡ್ ಪೇಪರ್ ತೆಗೆದೆ. ಅಫಿಡವಿಟ್ ಮಾಡಿಕೊಡುತ್ತೇನೆ, ನರ್ಸಬಾಯಿ ಹೇಳಿದ್ದು ಇದೇ ಎಂದು ಪ್ರಮಾಣ ಮಾಡಿ ಬರೆದು ಸಹಿ ಹಾಕಿಕೊಡುತ್ತೇನೆ ಎಂದೆ. ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಕೇಸಾದರೂ ಆಗಲಿ ಎಂದು ಅವತ್ತು ನಿಜಕ್ಕೂ ಅನ್ನಿಸಿತ್ತು. ಪೆನ್ನಿನ ಟೊಪ್ಪಿಗೆ ತೆಗೆದು ತಾರೀಖು ಬರೆಯತೊಡಗಿದೆ. ಆಕೆ ಕಾಗದದ ಮೇಲೆ ಅಂಗೈ ಇಟ್ಟಳು.

“ಬ್ಯಾಡ್ರಿ ಅಣ್ಣಾರ. ನೀವು ಬರದ್ರ ಅದು ನಿಮ್ಮ ಮಾತು ಆಗತೈತಿ. ನನಗ ಆಕೀದು ಬೇಕಾಗಿತ್ತು.”

ಅರ್ಜಿಯ ನಕಲನ್ನು ಚೀಲದಲ್ಲಿ ಹಾಕಿಕೊಂಡು ಎದ್ದಳು. ಸಂಸಾರ ಎಂಬ ಆ ಮಾತನ್ನು ನರ್ಸಬಾಯಿ ಜೀವಮಾನದಲ್ಲಿ ಒಂದೇ ಸಲ ಬಾಯಿಬಿಟ್ಟು ಆಡಿದ್ದರು, ಆಕೆಯನ್ನು ನಾನು ಚಹಾದಂಗಡಿಗೆ ಕಳಿಸಿದ್ದ ಹೊತ್ತಿನಲ್ಲಿ.